ಸಂಕಷ್ಟಕಾಲದ ಪ್ರಭುತ್ವ ಮತ್ತು ಜನಪದ ವಿವೇಚನೆ: ಧಾತು–ಈಶ್ವರ ಬರದಿಂದ ತುರ್ತುಪರಿಸ್ಥಿತಿಯವರೆಗೆ

ಪ್ರಭುತ್ವವೊಂದರ ಸಾಧನೆಯನ್ನು ಅಳೆಯುವ ಕೆಲಸವನ್ನು ಚರಿತ್ರೆ, ಅರ್ಥಶಾಸ್ತ್ರ ಹಾಗೂ ರಾಜ್ಯಶಾಸ್ತ್ರಗಳಿಗೆ ವಹಿಸಿಕೊಟ್ಟು ಜಾನಪದ ಅಧ್ಯಯನವು ಬಹುಕಾಲ ಹಾಡು, ಹರಕೆ, ಹಬ್ಬಗಳ ಕಡೆಗೆ ಮುಖ ಮಾಡಿ ನಿಂತಿತ್ತು. ಇದರಿಂದ ಎರಡು ತೊಡಕುಗಳು ಉಂಟಾದವು. ಆಳಿಸಿಕೊಂಡವರಿಗೆ ಆಳಿದವರನ್ನು ಕುರಿತು ಸ್ವತಂತ್ರವಾದ ಮೌಲ್ಯಮಾಪನವೊಂದಿದೆ ಎಂಬುದು ಮರೆಯಾಯಿತು. ಹಾಗೆಯೇ ಆ ಮೌಲ್ಯಮಾಪನವನ್ನು ಜನಪರವೆಂದು ಹೊಗಳಿ ಕೈಬಿಡುವುದಲ್ಲದೆ ಅದರ ಮಿತಿಗಳನ್ನೂ ವಿಮರ್ಶಿಸಬೇಕೆಂಬ ಎಚ್ಚರ ಬೆಳೆಯಲಿಲ್ಲ. ಆರ್ಥಿಕ ಹಾಗೂ ರಾಜಕೀಯ ಸಂಕಷ್ಟಗಳು ಒಟ್ಟಿಗೆ ಎದುರಾದ ಎರಡು ಸಂದರ್ಭಗಳನ್ನು, ಅಂದರೆ 1876–78ರ ಧಾತು–ಈಶ್ವರ ಬರ ಮತ್ತು 1973ರಿಂದ 1977ರವರೆಗಿನ ಬೆಲೆ ಏರಿಕೆ ಹಾಗೂ ತುರ್ತುಪರಿಸ್ಥಿತಿಯ ಕಾಲವನ್ನು, ತುಮಕೂರು ಸೀಮೆಯ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಎರಡನೆಯ ಸಂದರ್ಭವೇ ಇಲ್ಲಿ ಮುಖ್ಯ. ಮೊದಲನೆಯದು ಅದರ ವಿವೇಚನೆಗೆ ಬೇಕಾದ ಅಳತೆಗೋಲುಗಳನ್ನು ಒದಗಿಸುತ್ತದೆ. ಬಯಲುಸೀಮೆಯಲ್ಲಿ ಬಳಕೆಯಲ್ಲಿರುವ ಗಾದೆಗಳನ್ನು ಮತ್ತು ನಾಡಿಗೇ ಪರಿಚಿತವಾದ ಒಂದು ಕಥನಗೀತೆಯನ್ನು ವಿಮರ್ಶೆಯ ಪರಿಕರಗಳಾಗಿ ಬಳಸಿಕೊಳ್ಳಲಾಗಿದೆ.

ಕೋರದಿಂದ ಕಾಣುವ ಸರ್ಕಾರ

ಕೋರ ತುಮಕೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ತುಮಕೂರಿನಿಂದ ಸಿರಾ ಕಡೆಗೆ ಸಾಗುವ ಹೆದ್ದಾರಿಯ ಆಸುಪಾಸಿನ ಈ ಭಾಗ ಮಳೆಯನ್ನು ನೆಚ್ಚಿದ ಖುಷ್ಕಿ ಭೂಮಿಯ ಸೀಮೆ. ರಾಗಿ ಇಲ್ಲಿಯ ಬದುಕಿನ ಆಧಾರ. ಕೆರೆ ತುಂಬಿದ ವರ್ಷ ಒಂದು ಬಗೆಯ ಬಾಳು, ತುಂಬದ ವರ್ಷ ಇನ್ನೊಂದು ಬಗೆಯದು. ಇಂಥ ಹೋಬಳಿಯಲ್ಲಿ ಸರ್ಕಾರವೆಂದರೆ ದೆಹಲಿಯಲ್ಲ, ಬೆಂಗಳೂರೂ ಅಲ್ಲ. ಪಹಣಿ ಬರೆಯುವ ಗ್ರಾಮಲೆಕ್ಕಿಗ, ತನಿಖೆಗೆ ಬರುವ ರೆವಿನ್ಯೂ ಇನ್ಸ್‌ಪೆಕ್ಟರ್, ಸೊಸೈಟಿಯ ತಕ್ಕಡಿ, ಠಾಣೆಯ ಪೇದೆ, ಆಸ್ಪತ್ರೆಯ ದಾದಿ ಇವರೇ ಸರ್ಕಾರದ ಕಣ್ಣು, ಕೈ, ಬಾಯಿಗಳು. ರಾಷ್ಟ್ರಮಟ್ಟದಲ್ಲಿ ಕೈಗೊಂಡ ನಿರ್ಧಾರವೊಂದು ಈ ಐದಾರು ಮಂದಿಯ ಮೂಲಕ ಮನೆಬಾಗಿಲಿಗೆ ಬಂದಾಗ ಮಾತ್ರ ಅದು ಹಳ್ಳಿಯ ಅನುಭವವಾಗುತ್ತದೆ.

ಈ ಸಂಗತಿಯನ್ನು ಜನಪದರು ಬಲ್ಲರೆಂಬುದಕ್ಕೆ ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆಯೇ ಸಾಕ್ಷಿ. ಮೇಲ್ನೋಟಕ್ಕೆ ಅದು ಗುಡಿಯನ್ನು ಕುರಿತ ಮಾತು. ಬಳಕೆಯಲ್ಲಿ ಬಹುಮಟ್ಟಿಗೆ ಕಚೇರಿಯನ್ನು ಕುರಿತದ್ದು. ಆದೇಶ ಹೊರಡಿಸುವ ಅಧಿಕಾರಕ್ಕೂ ಅದನ್ನು ನೆರವೇರಿಸುವ ಅಧಿಕಾರಕ್ಕೂ ನಡುವಿನ ಅಂತರವನ್ನು ಅದು ಗುರುತಿಸುತ್ತದೆ. ಇದರ ಜೊತೆಗೆ ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆಯನ್ನೂ ಇಡಬೇಕು. ಮೊದಲನೆಯದು ಪ್ರಭುತ್ವದ ನಿಷ್ಕ್ರಿಯತೆಯನ್ನು ಕುರಿತದ್ದು. ಎರಡನೆಯದು ಅದರ ಅತಿಕ್ರಮಣವನ್ನು ಕುರಿತದ್ದು. ಕೊಡಬೇಕಾದ್ದನ್ನು ಕೊಡದಿರುವುದು ಒಂದು ತಪ್ಪು, ಕಾಯಬೇಕಾದ್ದನ್ನು ತಾನೇ ತಿನ್ನುವುದು ಬೇರೊಂದು ತಪ್ಪು. ಈ ಎರಡನ್ನು ಬೇರ್ಪಡಿಸಿ ನೋಡುವ ಸ್ಪಷ್ಟತೆ ಅನೇಕ ವಿದ್ವತ್ಪೂರ್ಣ ಬರೆಹಗಳಲ್ಲಿಯೂ ಕಾಣದು.

ಧಾತು–ಈಶ್ವರ: ತಡವಾಗಿ ಮುಚ್ಚಿದ ಬಾಗಿಲು

1831ರಿಂದ 1881ರವರೆಗೆ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಈ ಅವಧಿಯ ಕೊನೆಯ ಭಾಗದಲ್ಲಿ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮಳೆ ಕೈಕೊಟ್ಟು ಮಹಾಕ್ಷಾಮ ಎರಗಿತು. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 41.8 ಲಕ್ಷಕ್ಕೆ ಇಳಿದಿತ್ತು. ತುಮಕೂರು, ಕೋಲಾರ, ಚಿತ್ರದುರ್ಗದಂತಹ ಬಯಲುಸೀಮೆಯ ಜಿಲ್ಲೆಗಳೇ ಹೆಚ್ಚು ನೊಂದವು.

ಈ ಬರದಲ್ಲಿ ಪ್ರಭುತ್ವ ಏನನ್ನೂ ಮಾಡಲಿಲ್ಲವೆಂದು ಹೇಳಲಾಗದು. ಗಂಜಿಕೇಂದ್ರಗಳನ್ನು ತೆರೆಯಲಾಯಿತು, ಪರಿಹಾರ ಕಾಮಗಾರಿಗಳು ನಡೆದವು, ಖಜಾನೆ ಬರಿದಾಗಿ ಸಂಸ್ಥಾನದ ಮೇಲೆ 80 ಲಕ್ಷ ರೂಪಾಯಿ ಸಾಲ ಬಿತ್ತು. ಆದರೆ ಧಾನ್ಯದ ವ್ಯಾಪಾರದಲ್ಲಿ ಕೈಹಾಕಬಾರದೆಂಬ ಸಿದ್ಧಾಂತವನ್ನು ಭಾರತ ಸರ್ಕಾರ ಹಟದಿಂದ ಪಾಲಿಸಿತು. ದೇಶದಿಂದ ಧಾನ್ಯದ ರಫ್ತು ನಿಲ್ಲಲಿಲ್ಲ. ದಕ್ಷಿಣ ಭಾರತ ಹಸಿದಿದ್ದಾಗಲೇ 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರುವ ದರ್ಬಾರು ನಡೆಯಿತು. ಕ್ಷಾಮದ ಮೇಲ್ವಿಚಾರಣೆಗೆ ಬಂದ ರಿಚರ್ಡ್ ಟೆಂಪಲ್ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಕೆಲವು ಕಾಸುಗಳಿಗೆ ಇಳಿಸಲು ಹೊರಟಾಗ, ದುಡಿಯುವ ದೇಹಕ್ಕೆ ಅದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ವಿರೋಧಿಸಿದರು. ಮೈಸೂರಿನಲ್ಲಿ ಚಾರ್ಲ್ಸ್ ಎಲಿಯಟ್ ಅವರನ್ನು ಕ್ಷಾಮ ಕಮಿಷನರಾಗಿ ನೇಮಿಸಿ ಪರಿಹಾರ ವ್ಯವಸ್ಥೆಯನ್ನು ಬಿಗಿಗೊಳಿಸಿದ್ದು 1877ರ ಉತ್ತರಾರ್ಧದಲ್ಲಿ. ಅಷ್ಟರಲ್ಲಿ ಒಂದು ಪೂರ್ಣ ವರ್ಷ ಕಳೆದಿತ್ತು. ‘ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ’ ಎಂಬ ಮಾತಿಗೆ ಇದಕ್ಕಿಂತ ಹೊಂದುವ ಸಂದರ್ಭವನ್ನು ಹುಡುಕುವುದು ಕಷ್ಟ.

ಜನಪದ ಸ್ಮೃತಿ ಈ ಬರಕ್ಕೆ ಯಾವ ಕಮಿಷನರನ ಹೆಸರನ್ನೂ ಇಡಲಿಲ್ಲ, ಸಂವತ್ಸರಗಳ ಹೆಸರನ್ನೇ ಇಟ್ಟಿತು. ಪ್ರಭುತ್ವವನ್ನು ಹೊಣೆಯಿಂದ ಬಿಡುಗಡೆ ಮಾಡಿದ ನಡೆಯೆಂದು ಇದನ್ನು ಓದಬಹುದು: ಬರ ದೈವದ್ದು, ಕಾಲದ್ದು. ಆದರೆ ಇನ್ನೊಂದು ಓದಿಗೂ ಅವಕಾಶವಿದೆ. ಮನೆಬಾಗಿಲಿಗೆ ಬಾರದ ಪ್ರಭುತ್ವಕ್ಕೆ ನೆನಪಿನಲ್ಲಿ ಹೆಸರಿಲ್ಲ. ಹೆಸರಿಲ್ಲದಿರುವುದೇ ಅದರ ಮೇಲಿನ ತೀರ್ಪು. ಮುಂದೆ 1881ರಲ್ಲಿ ಆಡಳಿತ ಒಡೆಯರ ಮನೆತನಕ್ಕೆ ಮರಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿ ಆದಾಯ ವೆಚ್ಚಗಳ ಸ್ಥಿತಿಯನ್ನು ಪ್ರತಿನಿಧಿಗಳ ಮುಂದಿಟ್ಟರು. ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಆದರೂ ಬರದ ಮರುಗಳಿಗೆಯಲ್ಲಿ ಪ್ರಭುತ್ವವೊಂದು ತನ್ನ ಲೆಕ್ಕವನ್ನು ತಾನೇ ಒಪ್ಪಿಸಿದ್ದು ಹಿಂದಿನ ಐವತ್ತು ವರ್ಷಗಳಲ್ಲಿ ಕಾಣದ ನಡವಳಿಕೆ. ಈ ಪ್ರಕರಣದಿಂದ ಮೂರು ಪ್ರಶ್ನೆಗಳನ್ನು ಹೆಕ್ಕಿಕೊಳ್ಳಬಹುದು. ಹೊತ್ತಿಗೆ ಸರಿಯಾಗಿ ಬಂದರೆ? ಬಂದದ್ದು ಮನೆಯವರೆಗೆ ಮುಟ್ಟಿತೆ? ಲೆಕ್ಕ ಕೇಳಿದಾಗ ಉತ್ತರ ಕೊಟ್ಟರೆ?

1973–77: ಬೆಲೆ ಮತ್ತು ಭಯ

ಈ ಮೂರು ಪ್ರಶ್ನೆಗಳೊಂದಿಗೆ ನೂರು ವರ್ಷಗಳ ಅನಂತರದ ಇಕ್ಕಟ್ಟಿಗೆ ಬರಬಹುದು. 1971ರಲ್ಲಿ ಪೂರ್ವ ಬಂಗಾಳದಿಂದ ಬಂದ ಸುಮಾರು ಒಂದು ಕೋಟಿ ನಿರಾಶ್ರಿತರ ಹೊರೆ, ಯುದ್ಧದ ವೆಚ್ಚ, 1972ರ ಬರ, 1973ರ ಕೊನೆಯಲ್ಲಿ ನಾಲ್ಕು ಪಟ್ಟು ಏರಿದ ಕಚ್ಚಾ ತೈಲದ ಬೆಲೆ ಎಲ್ಲವೂ ಒಂದರ ಮೇಲೊಂದು ಬಂದವು. ಸಗಟು ಬೆಲೆಗಳು 1973–74ರಲ್ಲಿ ಶೇಕಡ 20ರಷ್ಟು, 1974–75ರಲ್ಲಿ ಶೇಕಡ 25ರಷ್ಟು ಏರಿದವು. ಗೋಧಿಯ ಸಗಟು ವ್ಯಾಪಾರವನ್ನು 1973ರಲ್ಲಿ ತನ್ನ ವಶಕ್ಕೆ ತೆಗೆದುಕೊಂಡ ಕೇಂದ್ರ ಸರ್ಕಾರ ಮರುವರ್ಷವೇ ಹಿಂದೆ ಸರಿಯಿತು. 1974ರ ಮೇ ತಿಂಗಳ ರೈಲ್ವೆ ಮುಷ್ಕರವನ್ನು ಕಠಿಣವಾಗಿ ಹತ್ತಿಕ್ಕಲಾಯಿತು. 1975ರ ಜೂನ್ 12ರಂದು ಅಲಹಾಬಾದ್ ಉಚ್ಚ ನ್ಯಾಯಾಲಯ ಪ್ರಧಾನಿಯ ಚುನಾವಣೆಯನ್ನು ಅಸಿಂಧುಗೊಳಿಸಿತು. ಜೂನ್ 25ರ ರಾತ್ರಿ ಆಂತರಿಕ ತುರ್ತುಪರಿಸ್ಥಿತಿ ಘೋಷಣೆಯಾಯಿತು.

ತುರ್ತುಪರಿಸ್ಥಿತಿಯ ಸಮರ್ಥಕರು ಅಂದೂ ಅನಂತರವೂ ಮುಂದಿಟ್ಟ ಬಲವಾದ ವಾದವೆಂದರೆ ಬೆಲೆ ಇಳಿಯಿತೆಂಬುದು. 1975–76ರಲ್ಲಿ ಸಗಟು ಬೆಲೆಗಳು ಶೇಕಡ 1ರಷ್ಟು ಇಳಿದದ್ದು ನಿಜ. ಆದರೆ ಇಳಿಕೆ ಪ್ರಾರಂಭವಾದದ್ದು 1974ರ ಸೆಪ್ಟೆಂಬರಿನ ಅನಂತರ. ಆ ವರ್ಷದ ಜುಲೈನಲ್ಲಿ ಹೊರಡಿಸಿದ ಸುಗ್ರೀವಾಜ್ಞೆಗಳು ವೇತನದ ಏರಿಕೆಯನ್ನೂ ಹೆಚ್ಚುವರಿ ತುಟ್ಟಿಭತ್ಯೆಯ ಅರ್ಧವನ್ನೂ ಕಡ್ಡಾಯ ಠೇವಣಿಯಾಗಿ ಹಿಡಿದಿಟ್ಟು, ಕಂಪನಿಗಳ ಲಾಭಾಂಶಕ್ಕೆ ಮಿತಿ ಹಾಕಿದ್ದವು. 1975ರ ಒಳ್ಳೆಯ ಮಳೆ ಸುಮಾರು 12.1 ಕೋಟಿ ಟನ್ ಆಹಾರಧಾನ್ಯದ ಬೆಳೆಯನ್ನು ತಂದುಕೊಟ್ಟಿತು. ಹಾಗಾಗಿ ಬೆಲೆ ಇಳಿಕೆಗೆ ಕಾರಣವಾದದ್ದು ಜೈಲುಗಳಲ್ಲ, ಹಣಕಾಸಿನ ಬಿಗಿ ಮತ್ತು ಮುಗಿಲು. ಆರ್ಥಿಕ ನಿರ್ವಹಣೆಯಲ್ಲಿ ಆ ಸರ್ಕಾರ ಗಳಿಸಿದ ಶ್ರೇಯಸ್ಸಿನ ಮುಖ್ಯ ಭಾಗ ತುರ್ತುಪರಿಸ್ಥಿತಿಗೆ ಹಿಂದಿನ ವರ್ಷಕ್ಕೆ ಸಲ್ಲತಕ್ಕದ್ದು. ಈ ವ್ಯತ್ಯಾಸವನ್ನು ಕಾಣದೆ ‘ಶಿಸ್ತಿನಿಂದ ಬೆಲೆ ಇಳಿಯಿತು’ ಎಂದು ಬರೆಯುವುದು ಕಾಲಕ್ರಮವನ್ನು ತಿರುಚಿದಂತೆ.

ಇನ್ನು ಭಯದ ಲೆಕ್ಕ. ಆಂತರಿಕ ಭದ್ರತಾ ಕಾಯಿದೆಯಡಿ 34,988 ಮಂದಿಯನ್ನು, ಭಾರತ ರಕ್ಷಣಾ ನಿಯಮಗಳಡಿ 75,818 ಮಂದಿಯನ್ನು ಬಂಧಿಸಲಾಗಿತ್ತೆಂದು ಷಾ ಆಯೋಗದ ವರದಿ ದಾಖಲಿಸಿದೆ. ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರನ್ನು ಜೂನ್ 26ರಂದು ಅಲ್ಲಿಯೇ ಬಂಧಿಸಿ ಕೇಂದ್ರ ಕಾರಾಗೃಹದಲ್ಲಿ ಇರಿಸಲಾಯಿತು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅದೇ ಕಾರಾಗೃಹದಲ್ಲಿ ತಿಂಗಳುಗಟ್ಟಲೆ ಬಂಧನದಲ್ಲಿದ್ದು, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. 1976–77ರ ಒಂದೇ ವರ್ಷದಲ್ಲಿ ದೇಶದಾದ್ಯಂತ 81 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ನಿಗದಿಯಾಗಿದ್ದ ಗುರಿ 43 ಲಕ್ಷ. ಈ ಕಾರ್ಯಕ್ರಮಕ್ಕೆ ಸಂಬಂಧಿಸಿದ 1,774 ಸಾವುಗಳನ್ನು ಆಯೋಗ ಲೆಕ್ಕಕ್ಕೆ ತೆಗೆದುಕೊಂಡಿತು.

ವರ ಕೊಟ್ಟವರು ಯಾರು?

1977ರ ಮಾರ್ಚ್ ಚುನಾವಣೆಯಲ್ಲಿ ಉತ್ತರ ಪ್ರದೇಶದ 85 ಹಾಗೂ ಬಿಹಾರದ 54 ಕ್ಷೇತ್ರಗಳಲ್ಲಿ ಕಾಂಗ್ರೆಸ್ ಪಕ್ಷಕ್ಕೆ ಒಂದೂ ದೊರೆಯಲಿಲ್ಲ. ಕರ್ನಾಟಕದ 28ರಲ್ಲಿ 26 ಕ್ಷೇತ್ರಗಳನ್ನು ಅದೇ ಪಕ್ಷ ಗೆದ್ದಿತು. ಈ ಫಲಿತಾಂಶವನ್ನು ಎರಡು ಬಗೆಯಲ್ಲಿ ಅರ್ಥೈಸುವುದು ರೂಢಿ. ಕನ್ನಡಿಗರು ತುರ್ತುಪರಿಸ್ಥಿತಿಯನ್ನು ಒಪ್ಪಿದರೆಂಬುದು ಒಂದು. ಹಳ್ಳಿಯ ಜನಕ್ಕೆ ಸ್ವಾತಂತ್ರ್ಯದ ಅರಿವಿರಲಿಲ್ಲವೆಂಬುದು ಇನ್ನೊಂದು. ಮೊದಲನೆಯದು ಪ್ರಭುತ್ವವನ್ನು ಓಲೈಸುವ ವಾದ, ಎರಡನೆಯದು ಜನರನ್ನು ಹೀನಾಯಿಸುವ ವಾದ. ಎರಡೂ ಒಪ್ಪತಕ್ಕವಲ್ಲ.

1972ರಿಂದ ರಾಜ್ಯದಲ್ಲಿ ದೇವರಾಜ ಅರಸು ಅವರ ಸರ್ಕಾರವಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ರದ್ದುಮಾಡಿ ಭೂನ್ಯಾಯಮಂಡಲಿಗಳನ್ನು ಸ್ಥಾಪಿಸಿತು. ಸುಮಾರು 8 ಲಕ್ಷ ಅರ್ಜಿಗಳು ಬಂದವು. ಗೇಣಿ ಪದ್ಧತಿ ಕರಾವಳಿ ಮತ್ತು ಮಲೆನಾಡುಗಳಲ್ಲಿ ದಟ್ಟವಾಗಿತ್ತು. ತುಮಕೂರಿನ ಖುಷ್ಕಿ ಹೋಬಳಿಗಳಲ್ಲಿ ಸ್ವಂತ ಹಿಡುವಳಿಯ ಸಣ್ಣ ರೈತರೇ ಹೆಚ್ಚು. ಕೋರದಂತಹ ಕಡೆಗಳಲ್ಲಿ ಭೂಸುಧಾರಣೆಗಿಂತ ಮಿಗಿಲಾಗಿ ಮನೆ ಮುಟ್ಟಬಹುದಾಗಿದ್ದ ಕ್ರಮಗಳು ಬೇರೆ. 1975ರ ಸುಗ್ರೀವಾಜ್ಞೆ ಮತ್ತು 1976ರ ಋಣ ಪರಿಹಾರ ಕಾಯಿದೆ ಸಣ್ಣ ರೈತರ, ಕೂಲಿಕಾರರ ಖಾಸಗಿ ಸಾಲವನ್ನು ತೊಡೆದು, ಗಿರವಿ ಇಟ್ಟ ಪಾತ್ರೆ ಒಡವೆಗಳನ್ನು ಮರಳಿಸಬೇಕೆಂದು ವಿಧಿಸಿತು. 1975ರ ಅಕ್ಟೋಬರಿನ ಕೇಂದ್ರ ಸುಗ್ರೀವಾಜ್ಞೆ ಜೀತವನ್ನು ರದ್ದುಗೊಳಿಸಿತು. ನಿವೇಶನ ಹಂಚಿಕೆ, ಜನತಾ ಮನೆಗಳು, ಹಾವನೂರು ಆಯೋಗದ ವರದಿ ಇವೆಲ್ಲವೂ ಅದೇ ವರ್ಷಗಳವು. ಸಾಹುಕಾರನ ಪೆಟ್ಟಿಗೆಯಲ್ಲಿದ್ದ ಕಂಚಿನ ತಂಬಿಗೆ ಮನೆಗೆ ಮರಳುವುದು ಯಾವ ಭಾಷಣಕ್ಕಿಂತಲೂ ಹೆಚ್ಚಾಗಿ ಅರ್ಥವಾಗುವ ರಾಜಕಾರಣ.

ಈ ಕ್ರಮಗಳಿಗೂ ಮಿತಿಗಳಿದ್ದವು. ಹಳೆಯ ಸಾಲ ಹೋಯಿತು. ಆದರೆ ಸಾಹುಕಾರ ಕೈ ಹಿಂತೆಗೆದ ಜಾಗವನ್ನು ಸಹಕಾರ ಸಂಘಗಳು ಸಾಕಷ್ಟು ತುಂಬಲಿಲ್ಲವಾಗಿ ಬಿತ್ತನೆಯ ಹೊತ್ತಿಗೆ ಹೊಸ ಸಾಲ ಹುಟ್ಟುವುದು ಕಷ್ಟವಾಯಿತು. ಜೀತ ಕಾನೂನಿನಲ್ಲಿ ಅಳಿದಷ್ಟು ಸುಲಭವಾಗಿ ಹಟ್ಟಿಯಲ್ಲಿ ಅಳಿಯಲಿಲ್ಲ. ಆದಾಗ್ಯೂ ಹೊತ್ತಿಗೆ ಬಂದುದು ಮತ್ತು ಮನೆಗೆ ಮುಟ್ಟಿದುದು ಎಂಬ ಮೊದಲೆರಡು ಪ್ರಶ್ನೆಗಳಿಗೆ ಅರಸು ಸರ್ಕಾರ ತಕ್ಕಮಟ್ಟಿಗೆ ಉತ್ತರ ಕೊಟ್ಟಿತು. ಕುಟುಂಬ ಯೋಜನೆಯ ಗುರಿ ಮುಟ್ಟಿಸುವ ಒತ್ತಡ ಇಲ್ಲಿಯೂ ಇತ್ತಾದರೂ ಉತ್ತರದ ರಾಜ್ಯಗಳಷ್ಟು ಒರಟಾಗಿ ನಡೆಯಲಿಲ್ಲ. ಅಂದರೆ ಇಲ್ಲಿ ಗಾದೆ ತಲೆಕೆಳಗಾಯಿತು: ಪೂಜಾರಿ ವರ ಕೊಟ್ಟ, ದೇವರ ಹೆಸರಿನಲ್ಲಿ ಕೊಟ್ಟ.

ಈ ತಲೆಕೆಳಗಿನ ಪರಿಣಾಮವನ್ನು ಮುಂದಿನ ಚುನಾವಣೆಗಳು ತೋರಿಸುತ್ತವೆ. 1978ರಲ್ಲಿ ಅರಸು ಅವರ ನೇತೃತ್ವದ ಇಂದಿರಾ ಕಾಂಗ್ರೆಸ್ ವಿಧಾನಸಭೆಯ 224ರಲ್ಲಿ 149 ಸ್ಥಾನ ಗಳಿಸಿತು. ಆ ವರ್ಷದ ನವೆಂಬರಿನಲ್ಲಿ ಚಿಕ್ಕಮಗಳೂರು ಇಂದಿರಾ ಗಾಂಧಿಯವರನ್ನು ಲೋಕಸಭೆಗೆ ಮರಳಿ ಕಳಿಸಿತು. 1979ರಲ್ಲಿ ಇಬ್ಬರೂ ಬೇರಾದರು. 1980ರ ಜನವರಿಯಲ್ಲಿ ರಾಜ್ಯದ 28ರಲ್ಲಿ 27 ಕ್ಷೇತ್ರಗಳು ಇಂದಿರಾ ಅವರ ಪಕ್ಷಕ್ಕೆ ಸಂದವು. ಅರಸು ಅವರ ಪಕ್ಷಕ್ಕೆ ಒಂದೂ ಸಿಗಲಿಲ್ಲ. 1977ರ ಮತವನ್ನು ಕೇವಲ ರಾಜ್ಯ ಸರ್ಕಾರದ ಮೇಲಿನ ತೀರ್ಪೆಂದು ಓದುವವರು ಈ ಫಲಿತಾಂಶದ ಮುಂದೆ ನಿಲ್ಲಬೇಕಾಗುತ್ತದೆ. ಕೊಟ್ಟ ಕೈ ಬೆಂಗಳೂರಿನದು. ನಾಲಗೆಯ ಮೇಲೆ ನಿಂತ ಹೆಸರು ‘ಇಂದಿರಮ್ಮ’. ಜನಪದ ಅಳತೆಗೋಲು ಮುಟ್ಟಿದ್ದನ್ನು ಖಚಿತವಾಗಿ ಅಳೆಯುತ್ತದೆ. ಮುಟ್ಟಿಸಿದವರನ್ನು ಗುರುತಿಸುವಲ್ಲಿ ಸೋಲಬಹುದು. ಇದು ಅದರ ಮೊದಲನೆಯ ಮಿತಿ.

ಎರಡನೆಯ ಮಿತಿ ಇನ್ನೂ ಗಂಭೀರವಾದುದು. ಮನೆಬಾಗಿಲಿಗೆ ಬಂದುದನ್ನು ಅಳೆಯುವ ಕೋಲು ಮನೆಬಾಗಿಲಿಗೆ ಬಾರದ ಅನ್ಯಾಯವನ್ನು ಅಳೆಯಲಾರದು. ಪತ್ರಿಕೆಯಲ್ಲಿ ಅಚ್ಚಾಗದ ಸುದ್ದಿ, ದೂರದ ಜೈಲಿನಲ್ಲಿದ್ದ ಕೈದಿ, 1976ರ ಏಪ್ರಿಲ್ 28ರಂದು ಬಂಧಿತನಿಗೆ ನ್ಯಾಯಾಲಯದ ಬಾಗಿಲನ್ನೇ ಮುಚ್ಚಿದ ಸರ್ವೋಚ್ಚ ನ್ಯಾಯಾಲಯದ ತೀರ್ಪು, ಇವು ಕೋರದ ಸಂತೆಮಾತಿನೊಳಗೆ ಬರುವ ದಾರಿಗಳನ್ನೇ ಪ್ರಭುತ್ವ ಕಟ್ಟಿಹಾಕಿತ್ತು. ತಿಳಿಯದಂತೆ ಮಾಡಿದ ಸಂಗತಿಯ ಬಗ್ಗೆ ಜನ ತೀರ್ಮಾನ ಕೊಡಲಿಲ್ಲವೆಂದರೆ ಅದನ್ನು ಸಮ್ಮತಿಯೆಂದು ಎಣಿಸಲಾಗದು. ‘ಲೆಕ್ಕ ಕೇಳಿದಾಗ ಉತ್ತರ ಕೊಟ್ಟರೆ’ ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವ ಅವಕಾಶವನ್ನೇ ಆ ಸರ್ಕಾರ ಕಸಿದುಕೊಂಡಿತ್ತು. ಬೇಲಿ ಹೊಲ ಮೇಯ್ದದ್ದು ಕಾಣದಂತೆ ಕತ್ತಲಲ್ಲಿ ಮೇಯ್ದಿತ್ತು.

ಕೆರೆಗೆ ಹಾರದ ಅಳತೆಗೋಲು

ಹಾಗಾದರೆ ಮುಟ್ಟಿದ ಒಳಿತನ್ನೂ ನಡೆದ ಹಿಂಸೆಯನ್ನೂ ಒಂದೇ ನೋಟದಲ್ಲಿ ಹಿಡಿಯುವ ವಿವೇಕ ಜನಪದದಲ್ಲಿ ಇದೆಯೆ? ‘ಕೆರೆಗೆ ಹಾರ’ ಎಂಬ ಕಥನಗೀತೆ ಇದಕ್ಕೆ ಉತ್ತರವಾಗಬಲ್ಲದು. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದು. ಊರಿನ ಸಂಕಟ ನಿಜವಾದುದು, ಕೆರೆಯ ಅಗತ್ಯವೂ ನಿಜವಾದುದು. ಪರಿಹಾರವೆಂದು ಹೇಳಿದ್ದು ಮನೆಯ ಸೊಸೆಯ ಬಲಿ. ಹಿರಿಯಳನ್ನು ಕೊಟ್ಟರೆ ಮನೆ ನಡೆಯದೆಂದು ಕಿರಿಯ ಸೊಸೆ ಭಾಗೀರಥಿಯನ್ನು ಆರಿಸಲಾಗುತ್ತದೆ. ನೀರು ಬರುತ್ತದೆ, ಅವಳು ಮುಳುಗುತ್ತಾಳೆ. ದಂಡಿನಿಂದ ಮರಳಿದ ಗಂಡ ಅದೇ ಕೆರೆಗೆ ಹಾರುತ್ತಾನೆ.

ತ್ಯಾಗದ ಆದರ್ಶವೆಂದು ಈ ಹಾಡನ್ನು ಪಠ್ಯಗಳಲ್ಲಿ ಬಹುಕಾಲ ಬೋಧಿಸಲಾಯಿತು. ಆದರೆ ಹಾಡಿನ ನಡೆ ಅಷ್ಟು ಸರಳವಲ್ಲ. ಕೆರೆಗೆ ನೀರು ಬಂದುದನ್ನು ಅದು ಅಲ್ಲಗಳೆಯುವುದಿಲ್ಲ. ನೀರು ಬಂದಿತೆಂಬ ಕಾರಣಕ್ಕೆ ಭಾಗೀರಥಿಯನ್ನು ಮರೆಯುವುದೂ ಇಲ್ಲ. ಗಂಡನ ಸಾವನ್ನು ಕೊನೆಗಿಟ್ಟು ಹಿರಿಯರ ಲೆಕ್ಕಾಚಾರವನ್ನು ಹಾಡು ಮುಗಿಯಲು ಬಿಡುವುದಿಲ್ಲ. ಮುಖ್ಯವಾಗಿ, ಸಾರ್ವಜನಿಕ ಹಿತದ ಬೆಲೆಯನ್ನು ತೆರಲು ಮನೆಯಲ್ಲಿ ಅತಿ ಕಿರಿಯಳನ್ನೇ ಆರಿಸಿದರೆಂಬ ವಿವರವನ್ನು ಅದು ಉಳಿಸಿಕೊಂಡಿದೆ. ಇದೇ ನಾಲ್ಕನೆಯ ಪ್ರಶ್ನೆ: ಯಾರ ಕೊರಳನ್ನು ಕೊಟ್ಟು?

ಈ ಪ್ರಶ್ನೆಯನ್ನು ತುರ್ತುಪರಿಸ್ಥಿತಿಗೆ ಹಾಕಿದಾಗ ಉತ್ತರ ಸ್ಪಷ್ಟವಾಗುತ್ತದೆ. ಗುರಿ ಮುಟ್ಟಿಸುವ ಶಸ್ತ್ರಚಿಕಿತ್ಸೆಗೆ ಹಿಡಿಸಿಕೊಂಡವರಲ್ಲಿ ಬಡವರೇ ಹೆಚ್ಚು. ನಗರಸೌಂದರ್ಯಕ್ಕೆಂದು ಕೆಡವಿದ್ದು ಗುಡಿಸಲುಗಳನ್ನು. ಹಣದುಬ್ಬರ ತಗ್ಗಿಸಲು ಹಿಡಿದಿಟ್ಟದ್ದು ಸಂಬಳಗಾರನ ತುಟ್ಟಿಭತ್ಯೆಯನ್ನು. ಮೇಲಾಗಿ ಕೆರೆಯ ಕಥೆಯಲ್ಲಿ ನೀರಾದರೂ ಬಲಿಯ ಬಳಿಕ ಬಂತು. ಇಲ್ಲಿ ಬೆಲೆ ಇಳಿಯತೊಡಗಿದ ಮೇಲೆ ಬಲಿ ಕೇಳಲಾಯಿತು. ಜೀತಮುಕ್ತಿಗೆ, ಋಣಮುಕ್ತಿಗೆ ಪತ್ರಿಕೆಗಳ ಬಾಯಿ ಕಟ್ಟುವ ಅಗತ್ಯವಿರಲಿಲ್ಲ. ಭೂಸುಧಾರಣಾ ತಿದ್ದುಪಡಿ ತುರ್ತುಪರಿಸ್ಥಿತಿಗೆ ಹದಿನೈದು ತಿಂಗಳು ಮುಂಚೆಯೇ ಜಾರಿಗೆ ಬಂದಿತ್ತೆಂಬುದೇ ಇದಕ್ಕೆ ಪುರಾವೆ. ಆದ್ದರಿಂದ ಆ ಕಾಲದ ಸುಧಾರಣೆಗಳನ್ನು ಮೆಚ್ಚುವುದಕ್ಕೂ ತುರ್ತುಪರಿಸ್ಥಿತಿಯನ್ನು ಖಂಡಿಸುವುದಕ್ಕೂ ನಡುವೆ ವಿರೋಧವಿಲ್ಲ. ಇವೆರಡನ್ನು ಒಂದೇ ಕಟ್ಟಿನಲ್ಲಿ ಕಟ್ಟಿ ಮಾರಿದ್ದು ಅಂದಿನ ಪ್ರಭುತ್ವದ ಪ್ರಚಾರ. ಆ ಕಟ್ಟನ್ನು ಬಿಚ್ಚದೆ ಸ್ವೀಕರಿಸಿದ್ದು ಅನಂತರದ ವಿಮರ್ಶೆಯ ಸೋಲು.

ಆಕರಗಳ ಪ್ರಶ್ನೆ

ಈ ಸೋಲಿನಲ್ಲಿ ಜಾನಪದ ಅಧ್ಯಯನದ ಪಾಲೂ ಇದೆ. ಕೇಂದ್ರ ವಾರ್ತಾ ಮತ್ತು ಪ್ರಸಾರ ಖಾತೆಯಡಿ 1954ರಲ್ಲಿ ಆರಂಭವಾದ ಹಾಡು ಮತ್ತು ನಾಟಕ ವಿಭಾಗ ಹರಿಕಥೆ, ಗೊಂಬೆಯಾಟ, ಲಾವಣಿಯಂತಹ ಪ್ರಕಾರಗಳನ್ನು ಯೋಜನೆಗಳ ಪ್ರಚಾರಕ್ಕೆ ಬಳಸಿಕೊಂಡಿತು. ಕುಟುಂಬ ಯೋಜನೆಯ ಸಂದೇಶ ಜನಪದ ಮಟ್ಟುಗಳಲ್ಲಿ ಊರೂರು ಸುತ್ತಿತು. ಹೀಗೆ ಹೊರಗಿನಿಂದ ಬಂದ ಹಾಡು ಕಲಾವಿದರ ಕಂಠದಲ್ಲಿ ನೆಲೆಸಿ, ವರ್ಷಗಳ ಬಳಿಕ ಸಂಗ್ರಾಹಕರ ಧ್ವನಿಸುರುಳಿಯಲ್ಲಿ ‘ಜನಪದ ಗೀತೆ’ಯಾಗಿ ದಾಖಲಾಗುವ ಸಾಧ್ಯತೆ ಸದಾ ಇದೆ. ಅದನ್ನೇ ಆಧಾರವಾಗಿಟ್ಟು ಜನರು ಪ್ರಭುತ್ವವನ್ನು ಮೆಚ್ಚಿದ್ದರೆಂದು ಬರೆದರೆ ಪ್ರಭುತ್ವ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡದ್ದನ್ನು ಜನಾಭಿಪ್ರಾಯವೆಂದು ಮುದ್ರೆಯೊತ್ತಿದಂತಾಗುತ್ತದೆ. ಹಾಡು ಯಾವ ಸಂದರ್ಭದಲ್ಲಿ ಕಟ್ಟಿದ್ದು, ಯಾರ ಸಂಭಾವನೆಯಿಂದ ಹಾಡಿದ್ದು, ಸಂಭಾವನೆ ನಿಂತ ಮೇಲೂ ಉಳಿಯಿತೆ ಎಂಬ ಪ್ರಶ್ನೆಗಳನ್ನು ಸಂಗ್ರಹದ ಟಿಪ್ಪಣಿಯಲ್ಲಿಯೇ ನಮೂದಿಸುವುದು ಅವಶ್ಯ. ಅಂದು ಮಾತಾಡಿದವರು ಈಗ ಎಪ್ಪತ್ತು ಎಂಬತ್ತರ ವಯಸ್ಸಿನವರು. ಗಿರವಿಯ ಪಾತ್ರೆ ಮರಳಿದ ಮನೆಗಳ, ಹೆದರಿ ಹೊಲಕ್ಕೆ ಓಡಿದವರ ನೆನಪುಗಳನ್ನು ಹೋಬಳಿವಾರು ದಾಖಲಿಸುವ ಕಾಲ ಮುಗಿಯುತ್ತಾ ಬಂದಿದೆ.

ಒಟ್ಟಾರೆ, ಸಂಕಷ್ಟಕಾಲದ ಪ್ರಭುತ್ವವನ್ನು ಅಳೆಯಲು ಜನಪದ ಪರಂಪರೆ ನಾಲ್ಕು ಪ್ರಶ್ನೆಗಳನ್ನು ಒದಗಿಸುತ್ತದೆ: ಹೊತ್ತಿಗೆ ಬಂದರೆ, ಮನೆಗೆ ಮುಟ್ಟಿತೆ, ಲೆಕ್ಕ ಒಪ್ಪಿಸಿದರೆ, ಯಾರ ಕೊರಳನ್ನು ಕೊಟ್ಟರು. 1877ರ ವಸಾಹತು ಸರ್ಕಾರ ಮೊದಲೆರಡರಲ್ಲಿಯೇ ಸೋತಿತು. 1975ರ ಕೇಂದ್ರ ಸರ್ಕಾರ ಕರ್ನಾಟಕದಲ್ಲಿ ಮೊದಲೆರಡನ್ನು ರಾಜ್ಯ ಸರ್ಕಾರದ ಕೈಯಿಂದ ದಾಟಿ, ಕೊನೆಯೆರಡರಲ್ಲಿ ಸೋತಿತು. ಆಂತರಿಕ ಕ್ಷೋಭೆಯ ನೆಪದಲ್ಲಿ ತುರ್ತುಪರಿಸ್ಥಿತಿ ಹೇರುವ ಅವಕಾಶವನ್ನು 1978ರ 44ನೆಯ ತಿದ್ದುಪಡಿ ತೆಗೆದುಹಾಕಿತು. 1976ರ ಆ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವೇ 2017ರಲ್ಲಿ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ ತಳ್ಳಿಹಾಕಿತು. ಕಾನೂನು ತನ್ನ ಲೆಕ್ಕವನ್ನು ತಿದ್ದಿಕೊಳ್ಳಲು ನಾಲ್ವತ್ತೊಂದು ವರ್ಷ ಬೇಕಾಯಿತು. ಕೆರೆ ತುಂಬಿದ ಮೇಲೂ ಭಾಗೀರಥಿಯ ಹೆಸರನ್ನು ಬಿಡದ ಹಾಡು ಆ ತಿದ್ದುಪಡಿಯನ್ನು ಎಂದೋ ಮಾಡಿಕೊಂಡಿತ್ತು. ಆ ಹಾಡನ್ನು ತ್ಯಾಗದ ಪಾಠವಾಗಿ ಓದಿಸುವುದನ್ನು ಬಿಟ್ಟು ಪ್ರಭುತ್ವದ ವಿಮರ್ಶೆಯಾಗಿ ಓದುವುದು ಜಾನಪದ ಅಧ್ಯಯನದ ಮುಂದಿರುವ ಕೆಲಸ.